ಹೊಕ್ಕುಳಬಳ್ಳಿಯ ಗಂಟು: ಕೋಲಾರದ ಮಿಷನ್ ಆಸ್ಪತ್ರೆಯೂ ಚೀನಾದ ಹೆರಿಗೆ ಮನೆಗಳೂ

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋದವರಿಗೆ ‘ಇಟಿಸಿಎಂ’ ಅಂದರೆ ಸಾಕು, ಮರುಮಾತಿಲ್ಲದೆ ಕರೆದೊಯ್ಯುತ್ತಾರೆ. ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಮಿಷನ್ ಆಸ್ಪತ್ರೆ’. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಮನೆಗಳಲ್ಲಿ ‘ನೀನು ಹುಟ್ಟಿದ್ದೆಲ್ಲಿ?’ ಎಂದು ಕೇಳಿದರೆ ಊರಿನ ಹೆಸರಿಗಿಂತ ಮೊದಲು ಈ ಆಸ್ಪತ್ರೆಯ ಹೆಸರೇ ಬರುತ್ತದೆ. ಆದರೆ ಆ ನಾಲ್ಕು ಅಕ್ಷರಗಳಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಅಡಗಿದೆ ಎಂಬುದು ಅಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಎಂಬುದು ಅದರ ಪೂರ್ತಿ ಹೆಸರು. ಸ್ಥಾಪನೆಯಾದದ್ದು 1910ರಲ್ಲಿ.

ಸ್ಮರಣ ಸಂಚಿಕೆಗಳಲ್ಲಿ ಆಸ್ಪತ್ರೆಯ ಚರಿತ್ರೆ ಬರೆಯುವಾಗ ಕಟ್ಟಡಗಳು, ಹಾಸಿಗೆಗಳು, ಮುಖ್ಯ ವೈದ್ಯರು, ಹೊಸ ಯಂತ್ರಗಳು ಹೀಗೆ ಸಾಲಾಗಿ ಬರೆಯುವುದು ವಾಡಿಕೆ. ನಾನು ಈ ಲೇಖನದಲ್ಲಿ ಬೇರೆ ದಾರಿ ಹಿಡಿದಿದ್ದೇನೆ. ನಮ್ಮ ಆಸ್ಪತ್ರೆಗೆ ದೂರದ ಚೀನಾದಲ್ಲಿ ಅಕ್ಕತಂಗಿಯರಿದ್ದರು. ಒಂದೇ ಸಂಘ, ಒಂದೇ ಕಾಲ, ಒಂದೇ ಉದ್ದೇಶ. ಅಲ್ಲಿನ ಬಾಣಂತಿಯನ್ನೂ ಇಲ್ಲಿನ ಬಾಣಂತಿಯನ್ನೂ ಕಾಡಿದ ಭಯವೂ ಒಂದೇ. ಆ ಸಂಬಂಧದ ಎಳೆ ಹಿಡಿದು ನೋಡಿದರೆ ಕೋಲಾರದ ಆಸ್ಪತ್ರೆ ಏನು ಮಾಡಿತು, ಯಾರ ಕೈಯಿಂದ ಮಾಡಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಬರಗಾಲದ ಮಕ್ಕಳು

ಈ ಕಥೆ ಶುರುವಾಗುವುದು ಬರದಿಂದ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಮಹಾ ಬರಗಾಲದಲ್ಲಿ ರಾಜ್ಯದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಅಳಿದುಹೋಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಯನ್ನೇ ನಂಬಿದ ಕೋಲಾರ ಸೀಮೆಗೆ ಬಿದ್ದ ಪೆಟ್ಟು ಸಣ್ಣದಲ್ಲ. ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಸ್ ಆನ್‌ಸ್ಟೇ ಎಂಬ ಇಂಗ್ಲಿಷ್ ಮಹಿಳೆ 1877ರಲ್ಲಿ ಕೋಲಾರದಲ್ಲಿ ಒಂದು ಅನಾಥಾಲಯ ತೆರೆದರು. ಹದಿಮೂರು ವರ್ಷ ಅದನ್ನು ನಡೆಸಿ 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದರು. ಕೋಲಾರದಲ್ಲಿ ಆ ಸಭೆಯ ಶಾಲೆ, ಚರ್ಚು, ಆಮೇಲೆ ಆಸ್ಪತ್ರೆ ಬೇರುಬಿಟ್ಟದ್ದು ಈ ಬರಗಾಲದ ನೆಲದಲ್ಲಿ.

ಅನಾಥಾಲಯದಿಂದ ಆಸ್ಪತ್ರೆಗೆ ಇರುವ ದೂರ ಕಡಿಮೆ. ಆ ಕಾಲದ ಮೈಸೂರು ಸೀಮೆಯಲ್ಲಿ ಮಗಳನ್ನು ನರ್ಸ್ ಕೆಲಸಕ್ಕೆ ಕಳಿಸುವ ಮನೆ ಸಿಗುತ್ತಿರಲಿಲ್ಲ. ಅಪರಿಚಿತರ ಮೈ ಮುಟ್ಟುವುದು, ರಕ್ತ ತೊಳೆಯುವುದು, ರಾತ್ರಿ ಪಾಳಿ ಮಾಡುವುದು ಮರ್ಯಾದಸ್ತ ಮನೆಯ ಹೆಣ್ಣಿನ ಕೆಲಸವೆಂದು ಯಾರೂ ಒಪ್ಪುತ್ತಿರಲಿಲ್ಲ. ಹೆರಿಗೆಯೆಂಬ ಮೈಲಿಗೆಯ ಕೆಲಸವಂತೂ ಕೆಳಜಾತಿಯೆಂದು ದೂರವಿಟ್ಟವರ ಪಾಲಿಗೆ ಬಿಟ್ಟದ್ದು. ಹಿಂದುಸ್ತಾನದ ಉದ್ದಕ್ಕೂ ಮಿಷನ್ ಆಸ್ಪತ್ರೆಗಳಿಗೆ ಮೊದಲ ನರ್ಸುಗಳು ಬಂದದ್ದು ಬರಗಾಲದ ಅನಾಥಾಲಯಗಳಿಂದ, ಬಡ ಕ್ರೈಸ್ತ ಕುಟುಂಬಗಳಿಂದ, ವಿಧವೆಯರ ನಡುವಿನಿಂದ. ಸಮಾಜ ಕೈಬಿಟ್ಟ ಹೆಣ್ಣುಮಕ್ಕಳೇ ಆ ಸಮಾಜದ ತಾಯಂದಿರನ್ನು ಉಳಿಸಲು ನಿಂತರು. ಈ ಮಾತನ್ನು ನಾವು ಎಷ್ಟು ಸಲ ನೆನೆದರೂ ಕಡಿಮೆಯೇ.

ವಾರಕ್ಕೆ ಎರಡು ಸೆಂಟು

ಆಸ್ಪತ್ರೆಯ ಹಣದ ಮೂಲವೂ ತಿಳಿಯತಕ್ಕದ್ದು. 1869ರ ಮಾರ್ಚಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಕೆಲವೇ ಹೆಂಗಸರು ಸೇರಿ ಮೆಥೊಡಿಸ್ಟ್ ಸಭೆಯ ಮಹಿಳಾ ವಿದೇಶ ಮಿಷನರಿ ಸಂಘ ಕಟ್ಟಿದರು. ಪ್ರತಿ ಸದಸ್ಯೆಯ ಕಾಣಿಕೆ ವಾರಕ್ಕೆ ಎರಡು ಸೆಂಟು, ಜೊತೆಗೊಂದು ಪ್ರಾರ್ಥನೆ. ಮನೆವಾರ್ತೆಯಲ್ಲಿ ಉಳಿಸಿದ ಆ ಚಿಲ್ಲರೆ ಕಾಸನ್ನು ಊರೂರಿನ ಶಾಖೆಗಳು ಕೂಡಿಸಿ ಹಡಗು ಹತ್ತಿಸಿದವು. ಅದೇ ವರ್ಷದ ಕೊನೆಗೆ ಇಬ್ಬರು ಮಹಿಳೆಯರು ಭಾರತಕ್ಕೆ ಹೊರಟರು. ಒಬ್ಬರು ಲಖನೌದಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿದ ಇಸಬೆಲ್ಲಾ ಥೋಬರ್ನ್, ಇನ್ನೊಬ್ಬರು ಬರೇಲಿಯಲ್ಲಿ ಹೆಂಗಸರ ಆಸ್ಪತ್ರೆ ತೆರೆದ ಡಾ. ಕ್ಲಾರಾ ಸ್ವೇನ್. ಕೋಲಾರದ ಆಸ್ಪತ್ರೆಯ ಹೆಸರಿನಲ್ಲಿರುವ ಎಲೆನ್ ಈ ಇಸಬೆಲ್ಲಾರ ಸೋದರಿ. ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಈ ಸಂಘದ ಶಾಖೆಗಾಗಿ ದುಡಿದವರು.

ಬರೇಲಿಗೆ ಕ್ಲಾರಾ ಸ್ವೇನ್ ಬಂದ ಮೂರು ವರ್ಷಕ್ಕೆ, 1873ರಲ್ಲಿ, ಅದೇ ಸಂಘ ಡಾ. ಲೂಸಿಂಡಾ ಕೂಂಬ್ಸ್ ಎಂಬ ವೈದ್ಯೆಯನ್ನು ಪೀಕಿಂಗಿಗೆ, ಅಂದರೆ ಇಂದಿನ ಬೀಜಿಂಗಿಗೆ, ಕಳಿಸಿತು. ಚೀನಾಕ್ಕೆ ಹೋದ ಮೊದಲ ಮಹಿಳಾ ವೈದ್ಯ ಮಿಷನರಿ ಆಕೆ. ಅಲ್ಲಿಂದಾಚೆಗೆ ಭಾರತ ಮತ್ತು ಚೀನಾ ಈ ಸಂಘದ ಎರಡು ದೊಡ್ಡ ಹೊಲಗಳಾದವು. ಕಾರಣ ಎರಡೂ ಕಡೆ ಒಂದೇ. ಗಂಡು ವೈದ್ಯನ ಮುಂದೆ ಹೆಂಗಸು ಮೈ ತೋರಿಸುವ ಹಾಗಿಲ್ಲ. ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದೂ ಕಷ್ಟ. ಹೆಂಗಸಿಗೆ ಹೆಂಗಸೇ ವೈದ್ಯಳಾಗಬೇಕಿತ್ತು.

ಈ ಸಂಘದ ದೃಷ್ಟಿಯಲ್ಲಿ ಕೊರತೆಯೂ ಇತ್ತು, ಅದನ್ನು ಮುಚ್ಚಿಡಬಾರದು. ನಮ್ಮವರನ್ನೂ ಚೀನೀಯರನ್ನೂ ಕತ್ತಲೆಯಲ್ಲಿರುವವರು ಎಂದೇ ಅವರ ಪತ್ರಿಕೆಗಳು ಬರೆದವು. ಮತಪ್ರಚಾರವೇ ಮೊದಲ ಗುರಿ, ವೈದ್ಯಸೇವೆ ಅದಕ್ಕೆ ದಾರಿ ಎಂದು ನಂಬಿದವರು ಅವರಲ್ಲಿ ಬಹಳ ಮಂದಿ. ಆದರೆ ಹೆರಿಗೆ ಕೋಣೆಯಲ್ಲಿ ನಿಂತ ವೈದ್ಯೆಗೆ ಎದುರಿಗಿದ್ದ ಕೆಲಸ ಒಂದೇ, ತಾಯಿ ಮಗು ಇಬ್ಬರನ್ನೂ ಉಳಿಸುವುದು. ಕೋಲಾರದ ಜನ ಆಸ್ಪತ್ರೆಯನ್ನು ಅಳೆದದ್ದೂ ಆ ಕೆಲಸದಿಂದಲೇ. ಬಂದವರು ತಮ್ಮ ದೇವರನ್ನು ಬಿಟ್ಟು ಬರಲಿಲ್ಲ. ಕೋಲಾರಮ್ಮನಿಗೆ ಹರಕೆ ಹೊತ್ತು ಮಿಷನ್ ಆಸ್ಪತ್ರೆಗೆ ಬರುವುದರಲ್ಲಿ ನಮ್ಮ ಹೆಂಗಸರಿಗೆ ಯಾವ ವಿರೋಧವೂ ಕಂಡಿಲ್ಲ.

ಯಾಂಗ್‌ಟ್ಸಿ ದಡದ ಅಕ್ಕತಂಗಿಯರು

ಚೀನಾದಲ್ಲಿ ಈ ಸಂಘದ ಕೆಲಸ ಎತ್ತರಕ್ಕೇರಿದ್ದು ಅಲ್ಲಿನ ಹೆಣ್ಣುಮಕ್ಕಳು ತಾವೇ ವೈದ್ಯರಾದಾಗ. ಫೂಜೌ ನಗರದ ಹು ಕಿಂಗ್ ಎಂಗ್ 1894ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದು ಊರಿಗೆ ಮರಳಿದರು. ಯಾಂಗ್‌ಟ್ಸಿ ನದಿಯ ದಡದ ಜಿಯುಜಿಯಾಂಗ್ ಪಟ್ಟಣದ ಶಿ ಮೇಯು ಮತ್ತು ಕಾಂಗ್ ಚೆಂಗ್ 1896ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ವೈದ್ಯರಾಗಿ ಬಂದರು. ಶಿ ಮೇಯು ಮೆಥೊಡಿಸ್ಟ್ ಬೋಧಕರ ಮಗಳು. ಎಳೆಯ ಹೆಣ್ಣುಮಕ್ಕಳ ಕಾಲು ಮುರಿದು ಬಟ್ಟೆಯಲ್ಲಿ ಬಿಗಿದು ಪುಟ್ಟದಾಗಿಸುತ್ತಿದ್ದ ಕಾಲ ಅದು. ಆಕೆಯ ತಂದೆತಾಯಿ ಮಗಳ ಪಾದ ಕಟ್ಟಿಸಲಿಲ್ಲ. ಕಟ್ಟದ ಕಾಲಿನಲ್ಲಿ ನಡೆದಾಡಿದ ಆ ವೈದ್ಯೆಯನ್ನು ಊರಿನ ಹೆಂಗಸರು ಮೊದಲು ಬೆರಗಿನಿಂದ ನೋಡಿದರು, ಆಮೇಲೆ ಸಾಲುಗಟ್ಟಿ ಬಂದರು.

1901ರಲ್ಲಿ ಜಿಯುಜಿಯಾಂಗಿನಲ್ಲಿ ಡ್ಯಾನ್‌ಫರ್ತ್ ಸ್ಮಾರಕ ಆಸ್ಪತ್ರೆ ತೆರೆಯಿತು. ಷಿಕಾಗೋದ ವೈದ್ಯರೊಬ್ಬರು ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ ಕೊಟ್ಟ ಹಣ ಅದು. ಅದಾದ ಒಂಬತ್ತು ವರ್ಷಕ್ಕೆ ಕೋಲಾರದ ಆಸ್ಪತ್ರೆ ಬಂತು, ಇನ್ನೊಬ್ಬ ಹೆಣ್ಣುಮಗಳ ಸ್ಮಾರಕವಾಗಿ. ಡ್ಯಾನ್‌ಫರ್ತಿನಲ್ಲಿ ಶಿ ಮೇಯು ನೂರಾರು ನರ್ಸುಗಳನ್ನು ತಯಾರು ಮಾಡಿದರು. ಚೀನೀ ಭಾಷೆಯಲ್ಲೇ ಪಾಠ, ಚೀನೀ ಮನೆಗಳಿಗೇ ಭೇಟಿ. ಪರದೇಶದ ವೈದ್ಯೆಯೊಬ್ಬಳು ಹತ್ತು ಸಾವಿರ ರೋಗಿಗಳನ್ನು ನೋಡುವುದಕ್ಕಿಂತ ಆ ಊರಿನ ನೂರು ಹುಡುಗಿಯರು ಕೆಲಸ ಕಲಿಯುವುದು ದೊಡ್ಡದು ಎಂಬುದನ್ನು ಆಕೆ ಮಾಡಿ ತೋರಿಸಿದರು.

ಕೋಲಾರದಲ್ಲೂ ಆದದ್ದು ಅದೇ. ಇಪ್ಪತ್ತನೇ ಶತಮಾನದ ನಡುವಿನ ದಶಕಗಳಲ್ಲಿ ಇಲ್ಲಿ ದುಡಿದ ಡಾ. ಎಸ್ತರ್ ಶೂಮೇಕರ್ ಅವರಂಥ ಅಮೆರಿಕನ್ ವೈದ್ಯೆಯರ ಹೆಸರು ಮಿಷನ್ನಿನ ದಾಖಲೆಗಳಲ್ಲಿ ಉಳಿದಿದೆ. ಆದರೆ ಶ್ರೀನಿವಾಸಪುರದ ಹಳ್ಳಿಯಿಂದ ಬಂದ ಬಸುರಿಗೆ ಧೈರ್ಯ ಹೇಳಿದ್ದು, ಅವಳ ತೆಲುಗು ಬೆರೆತ ಕನ್ನಡವನ್ನು ಡಾಕ್ಟರಮ್ಮನಿಗೆ ತಿಳಿಸಿದ್ದು, ನಡುರಾತ್ರಿ ಅವಳ ಬೆನ್ನು ನೀವಿದ್ದು ಈ ನೆಲದ ‘ಸಿಸ್ಟರಮ್ಮ’ಂದಿರು. ಆಸ್ಪತ್ರೆಯ ನರ್ಸಿಂಗ್ ಶಾಲೆ ಈ ಕೈಗಳನ್ನು ತಲೆಮಾರಿನಿಂದ ತಲೆಮಾರಿಗೆ ತಯಾರು ಮಾಡುತ್ತಾ ಬಂತು.

ದಾರಿ ಹೇಗಿತ್ತು

ಆಸ್ಪತ್ರೆ ಇದ್ದರೆ ಸಾಲದು, ತಲುಪಬೇಕು. ಮಾಲೂರಿನವರಿಗೆ ಬೆಂಗಳೂರು ಮದರಾಸು ರೈಲಿತ್ತು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಕಿರುಹಳಿಯ ರೈಲು ಬಂತು. ಮುಂದೆ ಆ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಹೋಯಿತು. ಮುಳಬಾಗಿಲಿಗೆ ರೈಲಿಲ್ಲ, ಮದರಾಸು ರಸ್ತೆಯೇ ಗತಿ. ಹಳ್ಳಿಗಳಿಂದ ಎತ್ತಿನ ಗಾಡಿ. ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ, ನೋವು ತಿನ್ನುವ ಹೆಂಗಸನ್ನು ಮಲಗಿಸಿಕೊಂಡು ಮನೆಯವರು ಹೊರಡುತ್ತಿದ್ದರು. ಎರಡು ದಿನ ನೋವು ತಿಂದು, ಸೂಲಗಿತ್ತಿ ಕೈಚೆಲ್ಲಿದ ಮೇಲೆಯೇ ಹೊರಡುವುದು. ಆಸ್ಪತ್ರೆಯಲ್ಲಿ ಸತ್ತರು ಎಂಬ ಅಪವಾದದ ಬಹುಪಾಲು ಈ ತಡದ ಫಲ. ಅಲ್ಲಿ ಬದುಕಿದವರ ಸುದ್ದಿ ಹಳ್ಳಿಗೆ ಮುಟ್ಟಿದ ಮೇಲೆ ಗಾಡಿಗಳು ಬೇಗ ಹೊರಡತೊಡಗಿದವು.

ಇದೇ ಜಿಲ್ಲೆಯಲ್ಲಿ, ಕೆಲವೇ ಮೈಲಿ ದೂರದಲ್ಲಿ, ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಆಸ್ಪತ್ರೆಯಿತ್ತು. ಅದು ಗಣಿ ಕಂಪನಿಗಳದ್ದು, ಗಣಿ ಕಾರ್ಮಿಕರಿಗಾಗಿ. ಬಂಡೆ ಕೊರೆಯುವಾಗ ಏಳುವ ದೂಳು ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕೋಸಿಸ್ ರೋಗವನ್ನು ಭಾರತದಲ್ಲಿ ಮೊದಲು ವ್ಯವಸ್ಥಿತವಾಗಿ ಗುರುತಿಸಿದ್ದು 1940ರ ದಶಕದಲ್ಲಿ ಇಲ್ಲಿನ ವೈದ್ಯರೇ. ಒಂದು ಆಸ್ಪತ್ರೆ ಚಿನ್ನ ತೆಗೆಯುವ ಗಂಡಸಿನ ಎದೆ ನೋಡುತ್ತಿತ್ತು, ಇನ್ನೊಂದು ರಾಗಿ ಬೆಳೆಯುವ ಹೆಂಗಸಿನ ಒಡಲು ನೋಡುತ್ತಿತ್ತು. ಗಣಿಯ ಕಥೆ ದೇಶಕ್ಕೆಲ್ಲ ಗೊತ್ತು. ಹೆರಿಗೆ ಕೋಣೆಯ ಕಥೆ ಕೇಳಿದವರು ಕಡಿಮೆ.

ಬಾಣಂತಿ ಕೋಣೆ, ಅಲ್ಲಿ ಮತ್ತು ಇಲ್ಲಿ

ನಮ್ಮ ಸೀಮೆಯ ಬಾಣಂತನ ನೋಡಿ. ಗಾಳಿ ನುಗ್ಗದ ಕೋಣೆ, ಹೊಸಿಲಲ್ಲಿ ಬೇವಿನ ಸೊಪ್ಪು, ಮಗುವಿನ ಪಕ್ಕದಲ್ಲೊಂದು ಕಬ್ಬಿಣದ ತುಂಡು. ಬಾಣಂತಿಗೆ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸೊಂಟಕ್ಕೆ ಬಿಗಿದ ಹಳೇ ಸೀರೆ. ಹಂಡೆಯ ಬಿಸಿನೀರು ಹೊಯ್ದು ಹೊಯ್ದು ಮೈ ಕೆಂಪಾದ ಮೇಲೆ ಸಾಂಬ್ರಾಣಿ ಹೊಗೆ. ಊಟಕ್ಕೆ ಸುಟ್ಟ ಬೆಳ್ಳುಳ್ಳಿ, ಮೆಣಸಿನ ಸಾರು, ಒಣಶುಂಠಿಯ ಖಾರ, ಸಬ್ಬಸಿಗೆ ಸೊಪ್ಪು. ತಣ್ಣೀರು ಮುಟ್ಟುವ ಹಾಗಿಲ್ಲ. ಹನ್ನೊಂದನೇ ದಿನದವರೆಗೆ ಮೈಲಿಗೆ.

ಚೀನಾದಲ್ಲಿ ಇದನ್ನು ‘ತಿಂಗಳು ಕೂರುವುದು’ ಎನ್ನುತ್ತಾರೆ. ಹೆರಿಗೆಯಾದ ಮೇಲೆ ಮೂವತ್ತು ದಿನ ಹೊರಗೆ ಹೋಗುವಂತಿಲ್ಲ. ಗಾಳಿ ಸೋಕಬಾರದು, ತಣ್ಣೀರು ಮುಟ್ಟಬಾರದು, ತಣ್ಣನೆ ಗುಣದ ಆಹಾರ ತಿನ್ನಬಾರದು. ಶುಂಠಿ, ಕೆಂಪು ಸಕ್ಕರೆ, ಮೊಟ್ಟೆ, ಕೋಳಿಯ ರಸ ಇವು ಬಾಣಂತಿಯ ಊಟ. ಅಲ್ಲಿ ಸ್ನಾನವೇ ನಿಷಿದ್ಧ, ಇಲ್ಲಿ ಸ್ನಾನವೇ ಔಷಧ. ವ್ಯತ್ಯಾಸ ಅಷ್ಟೇ. ತಿಂಗಳು ತುಂಬಿದ ದಿನ ಅವರು ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಂಚುತ್ತಾರೆ, ನಾವು ತೊಟ್ಟಿಲು ಕಟ್ಟಿ ಹೆಸರಿಡುತ್ತೇವೆ. ಶುಂಠಿ ಎರಡೂ ಕಡೆ ಇದೆ. ಉಷ್ಣ, ಶೀತ ಎಂದು ಆಹಾರವನ್ನು ಭಾಗ ಮಾಡುವ ಬುದ್ಧಿಯೂ ಎರಡೂ ಕಡೆ ಇದೆ.

ಈ ಕಟ್ಟಳೆಗಳನ್ನೆಲ್ಲ ಮೌಢ್ಯವೆಂದು ತಳ್ಳುವುದು ಸುಲಭ. ಮಿಷನ್ನಿನ ವೈದ್ಯೆಯರಲ್ಲಿ ಮೊದಮೊದಲು ಹಾಗೆ ತಳ್ಳಿದವರುಂಟು. ಆದರೆ ಬಾಣಂತನದ ತಿರುಳು ಬೇರೆ. ವರ್ಷವಿಡೀ ನೀರು ಹೊತ್ತು, ರಾಗಿ ಬೀಸಿ, ಹೊಲದಲ್ಲಿ ಬಗ್ಗಿದ ಹೆಣ್ಣಿಗೆ ಜೀವಮಾನದಲ್ಲಿ ಸಿಗುತ್ತಿದ್ದ ಒಂದೇ ರಜೆ ಅದು. ಅತ್ತೆಯೇ ಸೊಸೆಗೆ ನೀರು ಹೊಯ್ಯುವ, ತವರಿನವರು ಬೆಣ್ಣೆ ತಂದುಕೊಡುವ ಕಾಲ. ಆ ವಿಶ್ರಾಂತಿ, ಆ ಬಿಸಿಯೂಟ, ಆ ಆರೈಕೆ ಒಳ್ಳೆಯದೇ. ಅಪಾಯವಿದ್ದದ್ದು ಇನ್ನೊಂದು ಕಡೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಜಾಗದಲ್ಲಿ. ಹೊಕ್ಕುಳಬಳ್ಳಿ ಕತ್ತರಿಸಿದ ಜಾಗದಲ್ಲಿ.

ಗಂಟು

ಮಗು ಹುಟ್ಟಿದೊಡನೆ ಸೂಲಗಿತ್ತಿ, ನಮ್ಮ ಕಡೆಯ ತೆಲುಗಿನಲ್ಲಿ ಮಂತ್ರಸಾನಿ, ಬಳ್ಳಿಯನ್ನು ದಾರದಿಂದ ಕಟ್ಟಿ ಕೈಗೆ ಸಿಕ್ಕ ಅಲಗಿನಿಂದ ಕತ್ತರಿಸುತ್ತಿದ್ದಳು. ಕುಡುಗೋಲು, ಈಳಿಗೆ, ಬಿದಿರಿನ ಸೀಳು, ಯಾವುದಾದರೂ ಸರಿ. ಗಾಯ ಒಣಗಲೆಂದು ಬೂದಿಯನ್ನೋ ಸಗಣಿಯನ್ನೋ ಹಚ್ಚುವುದಿತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ದನದ ಸಗಣಿಯಲ್ಲಿ. ಅದು ಆ ಹಸಿ ಗಾಯದ ಮೂಲಕ ಒಳಗೆ ಹೋಗುತ್ತಿತ್ತು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಐದಾರನೇ ದಿನಕ್ಕೆ ಮೊಲೆ ಹಿಡಿಯುವುದನ್ನು ನಿಲ್ಲಿಸುತ್ತಿತ್ತು. ದವಡೆ ಬಿಗಿದುಕೊಳ್ಳುತ್ತಿತ್ತು, ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ‘ಬಾಲಗ್ರಹ ಬಡಿಯಿತು’ ಎನ್ನುತ್ತಿದ್ದರು ನಮ್ಮವರು. ಚೀನಾದ ಹಳ್ಳಿಗಳಲ್ಲಿ ಅದೇ ಕಾಯಿಲೆಗೆ ‘ಏಳು ದಿನದ ಗಾಳಿ’ ಎಂಬ ಹೆಸರು. ಎರಡೂ ದೇಶದ ತಾಯಂದಿರು ದಿನ ಎಣಿಸುತ್ತಿದ್ದರು. ಎರಡೂ ಕಡೆ ತಪ್ಪನ್ನು ಗಾಳಿಯ ಮೇಲೆ, ದೆವ್ವದ ಮೇಲೆ, ಹಣೆಬರಹದ ಮೇಲೆ ಹೊರಿಸಲಾಗುತ್ತಿತ್ತು.

ನಮ್ಮ ಮನೆಗಳಲ್ಲಿ ಬಿದ್ದ ಒಣ ಹೊಕ್ಕುಳಬಳ್ಳಿಯನ್ನು ಬೆಳ್ಳಿಯ ತಾಯಿತದಲ್ಲಿಟ್ಟು ಮಗುವಿಗೆ ಕಟ್ಟುವ ಪದ್ಧತಿ ಇದೆ. ಬಳ್ಳಿ ಒಣಗಿ ಬೀಳುವುದು ಸುಮಾರು ಒಂದು ವಾರಕ್ಕೆ. ಅಂದರೆ ಆ ತಾಯಿತ ಮಗು ಆ ಭಯಂಕರ ವಾರವನ್ನು ದಾಟಿ ಬಂದದ್ದಕ್ಕೆ ಸಾಕ್ಷಿ. ತಾಯಿತ ಕಟ್ಟಿದ ಅಜ್ಜಿಗೆ ರೋಗಾಣುವಿನ ಸುದ್ದಿ ಗೊತ್ತಿರಲಿಲ್ಲ. ಆದರೆ ಅಪಾಯ ಎಲ್ಲಿದೆ, ಎಷ್ಟು ದಿನವಿದೆ ಎಂಬುದು ಅವಳಿಗೆ ಅನುಭವದಿಂದ ತಿಳಿದಿತ್ತು.

ಇದಕ್ಕೆ ಮದ್ದು ದುಬಾರಿಯದಲ್ಲ. ಸೋಪಿನಲ್ಲಿ ತೊಳೆದ ಕೈ, ಕುದಿಸಿದ ದಾರ, ಕುದಿಸಿದ ಕತ್ತರಿ ಅಥವಾ ಹೊಸ ಬ್ಲೇಡು, ಒಗೆದು ಒಣಗಿಸಿದ ಬಟ್ಟೆ, ಗಾಯಕ್ಕೆ ಏನನ್ನೂ ಮೆತ್ತದಿರುವುದು. ಮಿಷನ್ ಆಸ್ಪತ್ರೆಯ ಹೆರಿಗೆ ಕೋಣೆ ಕಲಿಸಿದ ಮುಖ್ಯ ಪಾಠ ಇದೇ. ದೊಡ್ಡ ಶಸ್ತ್ರಕ್ರಿಯೆಗಳು ಹತ್ತಾರು ಜೀವ ಉಳಿಸಿದರೆ ಕುದಿಯುವ ನೀರಿನ ಪಾತ್ರೆ ಸಾವಿರಾರು ಜೀವ ಉಳಿಸಿತು.

ಚೀನಾದಲ್ಲಿ ಈ ಪಾಠವನ್ನು ಹಳ್ಳಿಗೆ ಕೊಂಡೊಯ್ದ ಹೆಣ್ಣು ಯಾಂಗ್ ಚೊಂಗ್‌ರುಯಿ. ಮಿಷನರಿ ಮಹಿಳಾ ಸಂಘಗಳು ಕೂಡಿ ಪೀಕಿಂಗಿನಲ್ಲಿ ನಡೆಸುತ್ತಿದ್ದ ಮಹಿಳಾ ವೈದ್ಯ ಕಾಲೇಜಿನಲ್ಲಿ ಓದಿ 1917ರಲ್ಲಿ ಹೊರಬಂದವರು. 1929ರಲ್ಲಿ ಆಕೆ ಚೀನಾದ ಮೊದಲ ರಾಷ್ಟ್ರೀಯ ಸೂಲಗಿತ್ತಿ ಶಾಲೆ ತೆರೆದರು. ಹೊಸ ಹುಡುಗಿಯರಿಗೆ ಪೂರ್ತಿ ತರಬೇತಿ ಕೊಡುವುದರ ಜೊತೆಗೆ ಹಳೆಯ ಸೂಲಗಿತ್ತಿಯರನ್ನೂ ಕರೆದು ಕೂರಿಸಿ ಕೈ ತೊಳೆಯುವುದು, ಬಳ್ಳಿ ಕಟ್ಟುವುದು ಕಲಿಸಿದರು. ಮದುವೆಯಾಗದ, ಹೆತ್ತು ಅರಿಯದ ಹುಡುಗಿಯ ಕೈಗೆ ಸೊಸೆಯನ್ನು ಒಪ್ಪಿಸಲು ಅಲ್ಲಿನ ಅತ್ತೆಯರು ಒಪ್ಪುತ್ತಿರಲಿಲ್ಲ. ನಮ್ಮ ಕಡೆಯೂ ಅದೇ ಮಾತು ಕೇಳಿಬರುತ್ತಿತ್ತು, ‘ಹೆರದವಳಿಗೆ ಹೆರಿಗೆ ನೋವು ಏನು ಗೊತ್ತು?’ ಎಂದು. ಆದ್ದರಿಂದ ಹಳ್ಳಿ ನಂಬಿದ್ದ ಕೈಯನ್ನೇ ಶುಚಿ ಮಾಡಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರ್ಕಾರವೂ ದಾಯಿಯರ ತರಬೇತಿಗೆ ಇಳಿಯಿತು. ಯುನಿಸೆಫ್ ಕೊಟ್ಟ ಹೆರಿಗೆ ಸಾಮಾನಿನ ಪೆಟ್ಟಿಗೆ ಹಿಡಿದು ಸೂಲಗಿತ್ತಿಯರು ಊರೊಳಗೆ ನಡೆದರು. ತುಮಕೂರು ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲ ಹೆಮ್ಮೆಯಾಯಿತು. ಸಾವಿರಾರು ಹೆರಿಗೆ ಮಾಡಿಸಿದ ಅಂಥ ಕೈಗಳು ಕೋಲಾರ ಸೀಮೆಯ ಹಳ್ಳಿಹಳ್ಳಿಯಲ್ಲೂ ಇದ್ದವು.

ದಾರಿ ಕವಲೊಡೆದದ್ದು

ಭಾರತ ಮತ್ತು ಚೀನಾದ ವೈದ್ಯ ಸಂಬಂಧ ಎಂದರೆ ನಮಗೆ ನೆನಪಾಗುವುದು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್. 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಹೋಗಿ, ಯುದ್ಧಭೂಮಿಯಲ್ಲಿ ದುಡಿದು, ಅಲ್ಲಿಯ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾಗಿ, 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಅವರ ತ್ಯಾಗ ದೊಡ್ಡದು. ಅದೇ ಕಾಲದಲ್ಲಿ ಇನ್ನೊಂದು ಕೊಡುಕೊಳ್ಳುವಿಕೆ ಸದ್ದಿಲ್ಲದೆ ನಡೆದಿತ್ತು, ಅದು ನಮ್ಮ ತಾಲ್ಲೂಕುಗಳ ತನಕ ಬಂತು.

ಉತ್ತರ ಚೀನಾದ ಡಿಂಗ್‌ಶಿಯಾನ್ ಎಂಬಲ್ಲಿ 1932ರಿಂದ ಡಾ. ಚೆನ್ ಝಿಚಿಯಾನ್ ಒಂದು ಪ್ರಯೋಗ ನಡೆಸಿದರು. ಹಳ್ಳಿಯ ಒಬ್ಬ ರೈತನಿಗೇ ಕೆಲವು ದಿನ ತರಬೇತಿ ಕೊಟ್ಟು, ಔಷಧದ ಪೆಟ್ಟಿಗೆ ಕೊಟ್ಟು, ಸಿಡುಬಿನ ಲಸಿಕೆ ಹಾಕಲು, ಹುಟ್ಟು ಸಾವು ಬರೆದಿಡಲು ಕಲಿಸಿದರು. ಅವನ ಮೇಲೆ ಉಪಕೇಂದ್ರ, ಅದರ ಮೇಲೆ ಆಸ್ಪತ್ರೆ. ಈ ಪ್ರಯೋಗಕ್ಕೆ ಗುರುವಿನ ಸ್ಥಾನದಲ್ಲಿದ್ದ ಡಾ. ಜಾನ್ ಗ್ರಾಂಟ್ ಚೀನಾದಲ್ಲೇ ಹುಟ್ಟಿ ಪೀಕಿಂಗಿನಲ್ಲಿ ಪಾಠ ಹೇಳಿದವರು. 1939ರಲ್ಲಿ ಅವರು ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿ ಬಂದರು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ, 1946ರಲ್ಲಿ ಹೊರಬಂದ ವರದಿಯ ಮೇಲೆ ಅವರ ವಿಚಾರಗಳ ಪ್ರಭಾವವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆ ಆ ವರದಿಯಿಂದ ದೇಶಕ್ಕೆ ಬಂತು. ಇಂದು ಮುಳಬಾಗಿಲಿನ, ಶ್ರೀನಿವಾಸಪುರದ ಹೋಬಳಿಗಳಲ್ಲಿ ಕಾಣುವ ಪಿ.ಎಚ್.ಸಿ.ಯ ಹಿಂದೆ ಡಿಂಗ್‌ಶಿಯಾನಿನ ರೈತನ ನೆರಳೂ ಇದೆ.

ಆಮೇಲೆ ದಾರಿ ಬೇರೆಯಾಯಿತು. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ಕೊರಿಯಾ ಯುದ್ಧದ ಹೊತ್ತಿಗೆ, 1950ರ ಡಿಸೆಂಬರಿನಲ್ಲಿ, ಅಮೆರಿಕದ ಹಣದಿಂದ ನಡೆಯುವ ಸಂಸ್ಥೆಗಳನ್ನೆಲ್ಲ ವಹಿಸಿಕೊಳ್ಳಲು ಆ ಸರ್ಕಾರ ತೀರ್ಮಾನಿಸಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಮಿಷನ್ ಆಸ್ಪತ್ರೆಗಳು ಸರ್ಕಾರಿ ಆಸ್ಪತ್ರೆಗಳಾದವು. ಮಿಷನರಿಗಳು ದೇಶ ಬಿಟ್ಟರು. ಆದರೆ ಅವರು ಕಲಿಸಿದ ನರ್ಸುಗಳು, ಸೂಲಗಿತ್ತಿಯರು, ವೈದ್ಯೆಯರು ಎಲ್ಲೂ ಹೋಗಲಿಲ್ಲ. 1950ರ ಹೊಸ ಹೆರಿಗೆ ವಿಧಾನದ ಚಳವಳಿಯನ್ನು ಹಳ್ಳಿಹಳ್ಳಿಗೆ ಒಯ್ದವರಲ್ಲಿ ಅವರೂ ಇದ್ದರು. ಪೀಕಿಂಗಿನ ಪ್ರಸೂತಿ ತಜ್ಞೆ ಲಿನ್ ಚಿಯಾವ್‌ಝಿ ಎರಡೂ ಕಾಲವನ್ನು ಕಂಡು, 1983ರಲ್ಲಿ ತೀರಿಹೋಗುವ ತನಕ ಅದೇ ನಗರದಲ್ಲಿ ತಾಯಂದಿರ ಸೇವೆಯಲ್ಲಿದ್ದರು. ಫಲಕ ಬದಲಾಯಿತು, ಕೈಗಳು ಬದಲಾಗಲಿಲ್ಲ.

ಅರವತ್ತರ ದಶಕದ ಕೊನೆಗೆ ಅಲ್ಲಿ ‘ಬರಿಗಾಲ ವೈದ್ಯರು’ ಬಂದರು. ಹೊಲದಲ್ಲಿ ದುಡಿಯುತ್ತಲೇ ಊರಿನ ಕಾಯಿಲೆ ನೋಡುವ, ಹೊಸ ಔಷಧ ಮತ್ತು ನಾಟಿ ಔಷಧ ಎರಡನ್ನೂ ಬಳಸುವ ಹಳ್ಳಿಗರು ಅವರು. ಆ ಸುದ್ದಿ ಜಗತ್ತಿನ ಗಮನ ಸೆಳೆಯಿತು. 1977ರ ಗಾಂಧಿ ಜಯಂತಿಯಂದು ಭಾರತ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ಶುರು ಮಾಡಿದಾಗ ಆ ಮಾದರಿ ಕಣ್ಣಮುಂದಿತ್ತು. ಇಂದಿನ ಆಶಾ ಕಾರ್ಯಕರ್ತೆ ಅದೇ ಸಾಲಿನ ಹೆಣ್ಣುಮಗಳು.

ಕೋಲಾರದ ಆಸ್ಪತ್ರೆಗೆ ಅಂಥ ಹಠಾತ್ ತಿರುವು ಬರಲಿಲ್ಲ. ಸ್ವಾತಂತ್ರ್ಯದ ನಂತರವೂ ಕೆಲಸ ಸಾಗಿತು. ಪರದೇಶದ ವೈದ್ಯೆಯರ ಜಾಗಕ್ಕೆ ಹಂತಹಂತವಾಗಿ ನಮ್ಮವರು ಬಂದರು. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವಾಯತ್ತವಾಯಿತು. ಊರಿನಲ್ಲಿ ಸರ್ಕಾರದ ಎಸ್.ಎನ್.ಆರ್. ಆಸ್ಪತ್ರೆ ಬೆಳೆಯಿತು. 1986ರಲ್ಲಿ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಶುರುವಾಯಿತು. ಒಂದು ಕಾಲಕ್ಕೆ ಗಾಡಿ ಕಟ್ಟಿಕೊಂಡು ಬರುತ್ತಿದ್ದ ತಾಲ್ಲೂಕುಗಳಲ್ಲೇ ಈಗ ಹೆರಿಗೆ ಆಸ್ಪತ್ರೆಗಳಿವೆ.

ಉಳಿಸಿಕೊಳ್ಳಬೇಕಾದದ್ದು

ನವಜಾತ ಶಿಶುಗಳ ಮತ್ತು ಬಾಣಂತಿಯರ ಧನುರ್ವಾಯುವನ್ನು ಹತೋಟಿಗೆ ತಂದು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಚೀನಾವನ್ನು 2012ರಲ್ಲಿ, ಭಾರತವನ್ನು 2015ರಲ್ಲಿ ಘೋಷಿಸಿತು. ಏಳು ದಿನದ ಗಾಳಿಯೂ ಬಾಲಗ್ರಹವೂ ಮೂರು ವರ್ಷದ ಅಂತರದಲ್ಲಿ ಸೋತವು. ಬಸುರಿಯರಿಗೆ ಹಾಕಿದ ಲಸಿಕೆ, ಆಸ್ಪತ್ರೆ ಹೆರಿಗೆ, ಶುಚಿಯಾದ ದಾರ ಮತ್ತು ಬ್ಲೇಡು ಗೆಲ್ಲಿಸಿದವು. ಎರಡು ದೇಶ ಎರಡು ರಾಜಕೀಯ ದಾರಿ ಹಿಡಿದು ನಡೆದರೂ ಕೊನೆಗೆ ಮುಟ್ಟಿದ್ದು ಒಂದೇ ಜಾಗಕ್ಕೆ. ಊರಿನ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಿದ ಕಡೆ ಆಸ್ಪತ್ರೆ ಬಾಳಿತು, ತಾಯಿ ಮಗು ಬದುಕಿದರು. ಕೋಲಾರದ ಮಿಷನ್ ಆಸ್ಪತ್ರೆಯ ನೂರು ವರ್ಷಕ್ಕೂ ಮೀರಿದ ಬಾಳಿನ ಸಾರವನ್ನು ಒಂದು ಮಾತಿನಲ್ಲಿ ಹೇಳಬೇಕೆಂದರೆ ನಾನು ಹೇಳುವುದು ಇದನ್ನೇ.

ಮುಳಬಾಗಿಲು ಡಿವಿಜಿಯವರನ್ನು ಕೊಟ್ಟಿತು, ಮಾಲೂರು ತಾಲ್ಲೂಕು ಮಾಸ್ತಿಯವರನ್ನು ಕೊಟ್ಟಿತು. ಅವರ ಹುಟ್ಟಿದ ದಿನ ನಮಗೆ ಗೊತ್ತು. ಆ ಕಾಲದಲ್ಲಿ ಈ ತಾಲ್ಲೂಕುಗಳ ಮನೆಗಳಲ್ಲಿ ಮಕ್ಕಳನ್ನು ಕೈಗೆತ್ತಿಕೊಂಡ ಸೂಲಗಿತ್ತಿಯರ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಮಿಷನ್ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಮೂವತ್ತು ನಲವತ್ತು ವರ್ಷ ನಿಂತ ಸಿಸ್ಟರಮ್ಮಂದಿರ ಹೆಸರೂ ಅವರನ್ನು ಕಂಡವರ ನೆನಪಿನಲ್ಲಿ ಮಾತ್ರ ಇದೆ. ಆ ನೆನಪುಗಳಿಗೆ ಈಗ ಎಂಬತ್ತು ತೊಂಬತ್ತು ವರ್ಷ ವಯಸ್ಸು.

ಆದ್ದರಿಂದ ಈ ಸಂಚಿಕೆ ಕೈಗೆತ್ತಿಕೊಂಡ ಪ್ರತಿಯೊಬ್ಬರಲ್ಲೂ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಹಿರಿಯರನ್ನು ಇವತ್ತೇ ಕೂರಿಸಿಕೊಂಡು ಕೇಳಿ: ನಿಮ್ಮ ಹೆರಿಗೆ ಮಾಡಿಸಿದವರು ಯಾರು, ಅವರದು ಯಾವ ಊರು, ಬಾಣಂತನಕ್ಕೆ ಯಾರು ನಿಂತರು, ಆಸ್ಪತ್ರೆಗೆ ಹೇಗೆ ಹೋದಿರಿ? ಅವರು ಹೇಳಿದ್ದನ್ನು ಬರೆದಿಡಿ. ಟ್ರಂಕಿನ ತಳದಲ್ಲಿರುವ ಹಳೆಯ ಹೆರಿಗೆ ಚೀಟಿ, ನರ್ಸಿಂಗ್ ಶಾಲೆಯ ಗುಂಪು ಫೋಟೋ, ಮಾಸಿದ ಪ್ರಮಾಣಪತ್ರ ಇದ್ದರೆ ಎಸೆಯಬೇಡಿ, ಹಿಂದುಗಡೆ ಹೆಸರು ಮತ್ತು ವರ್ಷ ಬರೆದು ಜೋಪಾನ ಮಾಡಿ. ಆಸ್ಪತ್ರೆಯ ಮುಂದಿನ ಸಂಚಿಕೆಯಲ್ಲಿ ಎಲೆನ್ ಥೋಬರ್ನ್ ಕೋವೆನ್ ಅವರ ಹೆಸರಿನ ಕೆಳಗೆ ಈ ನೆಲದ ತಾಯಂದಿರ ಹೆಸರುಗಳೂ ಅಚ್ಚಾಗಲಿ.